ಒಂಬತ್ತು ವರ್ಷದ ಭಾನುವಾರಗಳು

ಶುಕ್ರವಾರ ಬೆಳಿಗ್ಗೆ ಮಾಗ್ರೀಟಾ ತನ್ನ ಹೆಸರು ಬರೆದ ಚೀಟಿಯನ್ನು ಪಾತ್ರೆಯ ತಳಕ್ಕೆ ಅಂಟಿಸಿದಳು. ಪಾತ್ರೆಯಲ್ಲಿ ಬೊಬೋಟಿ ಇತ್ತು, ಮಸಾಲೆ ಖೀಮಾದ ಮೇಲೆ ಮೊಟ್ಟೆ ಹೊಯ್ದು ಬೇಯಿಸಿದ್ದು. ಹಿಂದಿನ ಬೀದಿಯ ಹೆಟ್ಟಿಯನ್ನು ಗಂಡ ಬಿಟ್ಟುಹೋಗಿ ಎರಡು ದಿನವಾಗಿತ್ತು. ದಕ್ಷಿಣ ಆಫ್ರಿಕದ ಕಾರೂ ಬಯಲಿನ ಆ ಪುಟ್ಟ ಊರಿನಲ್ಲಿ ಸಾವಾದ ಮನೆಯವರೂ ಸಂಸಾರ ಒಡೆದ ಮನೆಯವರೂ ಒಲೆ ಹಚ್ಚಬೇಕಾಗಿಲ್ಲ. ಚರ್ಚಿನ ಹೆಂಗಸರು ಊಟ ಹೊತ್ತು ಬರುತ್ತಾರೆ. ತಳದಲ್ಲಿ ಹೆಸರಿದ್ದರೆ ಪಾತ್ರೆ ಮನೆಗೆ ಮರಳುತ್ತದೆ. ಎಲ್ಲರಿಗಿಂತ ಮೊದಲು ತಲುಪುವುದು ಮಾಗ್ರೀಟಾಳ ಪಾತ್ರೆ. ಅದೇ ಅವಳ ಹೆಮ್ಮೆ.

ಅವಳ ಸ್ವಂತ ಮಗನ ಸಂಸಾರ ಒಡೆದು ಮೂರು ತಿಂಗಳಾಗಿತ್ತು. ಆ ಮಗ, ಪಶುವೈದ್ಯ ವೀಕುಸ್, ಊರಿನ ಶಾಲೆಯ ನಾಟಕದ ಮೇಷ್ಟರು ಎಬೆನ್‌ನನ್ನು ಮದುವೆಯಾಗಿ ಒಂಬತ್ತು ವರ್ಷ ಬಾಳಿದ್ದ. ಆ ಮದುವೆಗೆ ಅವಳು ಹೋಗಿರಲಿಲ್ಲ. ಮಗ ಎರಡು ಸೂಟ್‌ಕೇಸ್ ಹಿಡಿದು ವಾಪಸ್ ಬಂದ ಸಂಜೆ, "ಕೊನೆಗೂ ದೇವರು ನನ್ನ ಪ್ರಾರ್ಥನೆ ಕೇಳಿದ" ಅಂದಿದ್ದಳು. ವೀಕುಸ್ ಒಂದು ತುತ್ತೂ ಮುಟ್ಟದೆ ಮಲಗಿದ್ದ. ಎಬೆನ್‌ನ ಮನೆಗೆ ಮಾತ್ರ ಯಾರೂ ಪಾತ್ರೆ ಒಯ್ಯಲಿಲ್ಲ. ಒಯ್ಯಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ಆ ದಿನ ಸಂಜೆ ಪಕ್ಕದ ಮನೆಯ ಸುಸಾರಾ ಬಂದಳು. "ಎಬೆನ್ ನಾಟಕ ಬರೆದಿದ್ದಾನಂತೆ ಕಣೇ. ತಾನೇ ಪಾತ್ರ ಮಾಡ್ತಾನಂತೆ. ಇಬ್ಬರು ಗಂಡಸರ ಡೈವೋರ್ಸ್ ಕಥೆಯಂತೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಂತೆ."

"ನಡಿ, ಬರ್ತೀನಿ. ಮನೆ ಮಾತನ್ನ ಬೀದಿಗೆ ತರ್ತಾನೋ ಏನೋ ನೋಡೇಬಿಡ್ತೀನಿ."

ವೀಕುಸ್ ಮಾತ್ರ ಏಳಲಿಲ್ಲ. "ನಾನು ಬರಲ್ಲಮ್ಮ. ಅದರಲ್ಲಿರೋದೆಲ್ಲ ನಂಗೆ ಗೊತ್ತು."

ಶಾಲೆಯ ಸಭಾಂಗಣ ತುಂಬಿತ್ತು. ರಂಗದ ಮೇಲೆ ಎಬೆನ್ ಮತ್ತು ಅವನ ಗಂಡನ ಪಾತ್ರಧಾರಿ ಮನೆಯ ಸಾಮಾನು ಪಾಲು ಮಾಡಿಕೊಳ್ಳುತ್ತಿದ್ದರು.

"ನಾಯಿ ಯಾರಿಗೆ?"

"ನಾಯೀನೇ ಕೇಳ್ದೆ. ಸೋಫಾ ಯಾರಿಗೋ ನಾನೂ ಅವರಿಗೇ ಅಂತು."

ಸಭೆ ನಕ್ಕಿತು. ಎಬೆನ್ ಜನರ ಕಡೆ ತಿರುಗಿದ. "ಎದುರುಮನೆಯವಳ ಗಂಡ ಓಡಿಹೋದಾಗ ಆ ಮನೆಗೆ ಹನ್ನೊಂದು ಬೊಬೋಟಿ ಬಂತು. ನಮ್ಮ ಮನೆ ಒಡೀತು, ಒಂದು ಮೊಟ್ಟೇನೂ ಬರ್ಲಿಲ್ಲ. ಮುಂದಿನ ಸಲ ಹೆಂಗಸನ್ನೇ ಕಟ್ಕೋತೀನಪ್ಪಾ. ಬಿಟ್ಟುಹೋದ್ರೂ ಊಟಕ್ಕೆ ತೊಂದ್ರೆ ಇರಲ್ಲ!"

ಮಾಗ್ರೀಟಾಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಣ್ಣೊರೆಸಿಕೊಳ್ಳಲು ಕೈಯೆತ್ತಿದಾಗ ಬೆರಳಿಗೆ ಬೆಳಗಿನ ಮಸಾಲೆಯ ವಾಸನೆ ಇನ್ನೂ ಹತ್ತಿತ್ತು. ಅವಳ ನಗು ನಿಂತಿತು.

ಅಷ್ಟರಲ್ಲಿ ಎಬೆನ್ ಪೆಟ್ಟಿಗೆಯಿಂದ ನೀಲಿ ಅಂಚಿನ ಪಾತ್ರೆಯೊಂದನ್ನು ತೆಗೆದ. ನೋಡಿದೊಡನೆ ಅವಳಿಗೆ ಗುರುತು ಸಿಕ್ಕಿತು. ಅದು ಅವಳದೇ ಪಾತ್ರೆ.

"ಇದು ನಿಮ್ಮಮ್ಮಂದು," ಎಂದ ಎಬೆನ್, ಗಂಡನ ಪಾತ್ರಧಾರಿಗೆ. "ನಿಂಗೆ ಜ್ವರ ಬಂದಾಗ ಕಳಿಸಿದ್ದು. ತೊಳೆದು, ಖಾಲಿ ಕೊಡಬಾರ್ದು ಅಂತ ರಸ್ಕ್ ಮಾಡಿ ತುಂಬಿಸ್ಕೊಂಡು ಹೋದೆ. ಪರದೆ ಅಲ್ಲಾಡ್ತು. ಬಾಗಿಲು ತೆರೀಲಿಲ್ಲ."

"ಅಮ್ಮ ಒಂಟಿ ಕಣೋ," ಎಂದ ಪಾತ್ರಧಾರಿ. "ಭಾನುವಾರದ್ದು ಒಂದು ಊಟಕ್ಕೆ ಕರೀತಾಳೆ. ಹೋಗ್ದೇ ಇರೋಕಾಗುತ್ತಾ?"

"ಅವರ ಮೇಲೆ ಕೋಪ ಇಲ್ಲ. ಒಂಬತ್ತು ವರ್ಷ ಪ್ರತಿ ಭಾನುವಾರ ನೀನಲ್ಲಿ ರೋಸ್ಟ್ ತಿಂದೆ, ನಾನಿಲ್ಲಿ ಬ್ರೆಡ್ ತಿಂದೆ. ಒಂದೇ ಒಂದ್ಸಲ, 'ಅವನನ್ನ ಬಿಟ್ಟು ಬರಲ್ಲಮ್ಮ' ಅಂದಿದ್ರೆ ಸಾಕಿತ್ತು."

ಯಾರೂ ನಗಲಿಲ್ಲ. ಹೆಸರು ಅಂಟಿಸಿದ್ದ ತಳ ಸಭೆಗೆ ಕಾಣದಂತೆ ಎಬೆನ್ ಪಾತ್ರೆಯನ್ನು ಎದೆಗೆ ಒತ್ತಿ ಹಿಡಿದಿದ್ದ. ತನ್ನ ಮಾನ ಕಳೆಯುತ್ತಾನೆಂದು ಬಂದವಳ ಮಾನವನ್ನು ಅವನು ಮುಚ್ಚಿಟ್ಟಿದ್ದ. ಮಾಗ್ರೀಟಾಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅಂದು ಪರದೆಯ ಹಿಂದೆ ನಿಂತಿದ್ದಾಗ ಮೂಗಿಗೆ ಬಂದಿದ್ದ ರಸ್ಕಿನ ಘಮ ಕೂಡ ಅವಳಿಗೆ ನೆನಪಿತ್ತು.

ಮನೆಗೆ ಬಂದವಳೇ ಮಗನ ಎದುರು ಕುಳಿತಳು. "ನಿಮ್ಮಿಬ್ಬರನ್ನ ಬೇರೆ ಮಾಡಿದ್ದು ನಾನೇನಾ?"

"ನೀನು ಅವನನ್ನ ಕರೀಲಿಲ್ಲ. ಕರಿ ಅಂತ ನಾನೂ ಹೇಳ್ಲಿಲ್ಲ. ಇಬ್ಬರೂ ಸೇರಿ ಮಾಡಿದ್ದಮ್ಮ."

"ಈಗ ವಾಪಸ್ ಹೋದ್ರೆ?"

"ಇಲ್ಲಮ್ಮ. ಮುಗೀತು." ಅಷ್ಟು ಹೇಳಿ ಅವನು ಮುಖ ಮುಚ್ಚಿಕೊಂಡು ಅತ್ತ. ಅವನು ಮೂರು ತಿಂಗಳಿಂದ ಅಳುವುದಕ್ಕೆ ಕಾದಿದ್ದ. ಆ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ ಎಂಬುದು ತಾಯಿಗೆ ಆಗಲೇ ಗೊತ್ತಾದದ್ದು. ಅವಳು ಅವನ ತಲೆಯ ಮೇಲೆ ಕೈಯಿಟ್ಟು ಕುಳಿತಳು.

ಭಾನುವಾರ ಮಾಗ್ರೀಟಾ ಚರ್ಚಿಗೆ ಹೋಗಲಿಲ್ಲ. ಕುರಿಯ ರೋಸ್ಟ್, ಒಣದ್ರಾಕ್ಷಿ ಹಾಕಿದ ಹಳದಿ ಅನ್ನ, ಸಿಹಿ ಕುಂಬಳಕಾಯಿ ಎಲ್ಲ ಮಾಡಿ ದೊಡ್ಡ ಪಾತ್ರೆಯೊಂದಕ್ಕೆ ತುಂಬಿದಳು. ಊಟದ ಮೇಜಿನ ಮೇಲೆ ಮಗನಿಗೊಂದು ಚೀಟಿ ಇಟ್ಟಳು: "ಊಟ ಎಬೆನ್‌ಗೆ ಒಯ್ದಿದ್ದೇನೆ. ನಿನಗೆ ಬ್ರೆಡ್ ಇದೆ."

ಎಬೆನ್‌ನ ಮನೆಯ ಗಂಟೆ ಒತ್ತಿದಳು. ಪರದೆ ಅಲ್ಲಾಡಿತು. ಬಾಗಿಲು ತೆರೆಯಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಚರ್ಚಿನಿಂದ ಮರಳುವವರ ಕಾರುಗಳು ಅವಳನ್ನು ಕಂಡು ನಿಧಾನವಾದವು. ನೋಡಿದರೆ ನೋಡಲಿ ಎಂದು ಅವಳು ಅಲ್ಲೇ ನಿಂತಳು. ಕೈ ಸೋತು ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡಾಗ ಬಾಗಿಲು ಅರ್ಧ ತೆರೆಯಿತು.

"ವೀಕುಸ್ ಇಲ್ಲಿಲ್ಲ ಆಂಟಿ."

"ಗೊತ್ತಪ್ಪಾ. ಇದು ನಿಂಗೆ ತಂದದ್ದು."

ಎಬೆನ್ ಪಾತ್ರೆ ತೆಗೆದುಕೊಂಡು, ಊರಿನ ರೂಢಿಯಂತೆ ಎತ್ತಿ ತಳ ನೋಡಿದ. "ಹೆಸರು ಅಂಟಿಸೋದು ಮರೆತಿದ್ದೀರಿ."

"ಮರೆತಿಲ್ಲ. ಪಾತ್ರೆ ಕೊಡೋಕೆ ನೀನು ಇನ್ನೊಂದ್ಸಲ ನಮ್ಮ ಬಾಗಿಲಲ್ಲಿ ಬಂದು ನಿಲ್ಲಬೇಡ. ಮುಂದಿನ ಭಾನುವಾರ ನಾನೇ ಬರ್ತೀನಿ."

ಎಬೆನ್‌ನ ಗಲ್ಲ ಅದುರಿತು. ಅವನು ಬಾಗಿಲನ್ನು ಪೂರ್ತಿ ತೆರೆದಿಟ್ಟು, ಎರಡು ತಟ್ಟೆ ತರಲು ಒಳಗೆ ಹೋದ.