ಅಪ್ಪನೆಂದು ಬರೆಸಿಕೊಂಡವನು

"ಶೆಡ್ ಕೊಟ್ಟೆ, ಕೆಲ್ಸ ಕೊಟ್ಟೆ. ಈಗ ನನ್ ರಕ್ತಕ್ಕೇ ನಿನ್ ಹೆಸ್ರು ಇಡಕ್ಕೆ ಬಂದಿದ್ದೀಯಲ್ಲ ಬೋಳಿಮಗನೆ, ನೀನ್ಯಾವ ದೊಡ್ ಮನ್ಸ?"

ತೋದೆರ್ ತಲೆ ಎತ್ತಲಿಲ್ಲ. ಪಾಲಿಹೌಸಿನೊಳಗೆ ಮಂಡಿಯೂರಿ, ಫಸಲು ಮುಗಿದು ಒಣಗಿದ ಟೊಮೆಟೊ ಬಳ್ಳಿಗಳನ್ನು ಬುಡಸಮೇತ ಕೀಳುತ್ತಿದ್ದ. ಆಗಸ್ಟಿನ ಬಿಸಿಲು ಪ್ಲಾಸ್ಟಿಕ್ಕಿನಿಂದ ಇಳಿದು ಒಳಗೇ ಕುದಿಯುತ್ತಿತ್ತು. ಅವನಿಗೆ ಕಾಣುತ್ತಿದ್ದುದು ಧಣಿಯ ಬೂಟು ಮಾತ್ರ.

"ಕೋರ್ಟಿಂದ ಕಾಗ್ದ ಬಂದಿತ್ತು. ದತ್ತು ಕೊಡಕ್ಕೆ ನನ್ ಒಪ್ಪಿಗೆ ಇಲ್ಲ ಅಂತ ಬರ್ದು ಕಳ್ಸಿದೀನಿ. ಎದ್ದೇಳು, ಆ ಕಡೆ ಸಾಲು ಅಂಗೇ ಬಿದ್ದೈತೆ."

ಸುತ್ತ ಕೆಲಸ ಮಾಡುತ್ತಿದ್ದವರ ಕೈಗಳು ಒಂದು ಗಳಿಗೆ ನಿಂತು ಮತ್ತೆ ಆಡಿದವು. ಪಕ್ಕದ ಸಾಲಿನಲ್ಲೇ ಇದ್ದ ಹೆಂಡತಿ ಸಾವೇತಾ ಇತ್ತ ತಿರುಗಲೂ ಇಲ್ಲ. ಧಣಿ ದೋನ್ ಸಾರೋನ ಬೈಗುಳಕ್ಕಿಂತ ತೋದೆರನಿಗೆ ಚುಚ್ಚಿದ್ದು ಅದೇ.

ಸಾವೇತಾ ರೊಮೇನಿಯಾದ ಬೊತೊಶಾನಿಯ ಕಡೆಯಿಂದ ಸಿಸಿಲಿಗೆ ಬಂದಾಗ ಇನ್ನೂ ಹುಡುಗಿ. ಪಾಲಿಹೌಸಿನ ಕೊನೆಯಲ್ಲಿದ್ದ ತಗಡಿನ ಶೆಡ್ಡಿನಲ್ಲಿ ಅವಳನ್ನು ಇರಿಸಿದ್ದರು. ಶೆಡ್ಡಿಗೆ ಒಳಗಿನಿಂದ ಚಿಲಕವಿರಲಿಲ್ಲ, ಬೀಗದ ಕೈ ಧಣಿಯ ಬಳಿ ಇತ್ತು. ಮುಂದಿನದು ಆ ಬಯಲಿನ ಎಲ್ಲ ಹೆಂಗಸರಿಗೂ ಗೊತ್ತಿದ್ದ ಕಥೆ. ಮಿರೂನಾ ಹುಟ್ಟಿದಾಗ ದೋನ್ ಸಾರೋ ಆ ಕಡೆ ತಲೆಯನ್ನೂ ಹಾಕಲಿಲ್ಲ. ಮಗು ನಡೆಯಲು ಕಲಿತ ಮೇಲೆ ಸಾವೇತಾ ಊರಿಗೆ ಹೊರಟು ನಿಂತಳು. ಆಗ ಅವನು ಸದ್ದಿಲ್ಲದೆ ನಗರಸಭೆಗೆ ಹೋಗಿ, ಈ ಕೂಸಿಗೆ ಅಪ್ಪ ನಾನೇ ಎಂದು ಬರೆಸಿ ಬಂದ. ಅವನಿಗೂ ದೇವರ ಭಯ ಹುಟ್ಟಿತು ಎಂದುಕೊಂಡು ಸಾವೇತಾ ಮೇಣದಬತ್ತಿ ಹಚ್ಚಿದ್ದಳು. ಪಾಸ್‌ಪೋರ್ಟಿಗೆ ಅಪ್ಪನ ಸಹಿ ಬೇಕು, ಆ ಸಹಿ ಸಿಗುವುದಿಲ್ಲ ಎಂದು ತಿಳಿದದ್ದು ಆಮೇಲೆ. ಕರುವನ್ನು ಕಟ್ಟಿಹಾಕಿದರೆ ಹಸು ಎಲ್ಲಿಗೆ ಹೋದೀತು? ಅವಳು ಅಲ್ಲೇ ಉಳಿದಳು. ಅವಳಷ್ಟು ಬೇಗ ಕಾಯಿ ಬಿಡಿಸುವವರು ಆ ಬಯಲಿನಲ್ಲಿ ಇನ್ನೊಬ್ಬರಿರಲಿಲ್ಲ.

ತೋದೆರ್ ಅವಳನ್ನು ಕಟ್ಟಿಕೊಂಡಾಗ ಮಿರೂನಾಗೆ ಹಾಲುಹಲ್ಲು ಬೀಳುತ್ತಿತ್ತು. ಮೊದಲ ದಿನವೇ ಅವನು ಮಾಡಿದ ಕೆಲಸ ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದು. ಹುಡುಗಿ ತಾನಾಗಿಯೇ ಅವನನ್ನು ಅಪ್ಪ ಎನ್ನತೊಡಗಿದಳು. ಮಗುವನ್ನು ತನ್ನ ಹೆಸರಿಗೆ ಮಾಡಿಕೊಂಡು ಮೂವರೂ ಊರು ಸೇರಬೇಕು ಎನ್ನುವುದೊಂದೇ ಅವನಿಗಿದ್ದ ಆಸೆ.

ಕೂಲಿಕಾರರ ಸಂಘದ ವಕೀಲೆ ಲಿದಿಯಾ ಸಂಜೆ ಹೊತ್ತು ಚರ್ಚಿನ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದಳು. ಧಣಿ ಒಪ್ಪದಿದ್ದರೂ ದಾರಿಯಿದೆ ಎಂದು ಅವಳು ಬಿಡಿಸಿ ಹೇಳಿದಳು. ಹೆಸರಿಗೆ ಮಾತ್ರ ಅಪ್ಪನಾಗಿದ್ದವನ ಮಾತನ್ನು ನ್ಯಾಯಾಧೀಶರು ತಳ್ಳಿಹಾಕಬಹುದು. ಆದರೆ ಅಪ್ಪನಾಗಿ ಮಗುವನ್ನು ನೋಡಿಕೊಳ್ಳುತ್ತಿದ್ದಾನೆ ಎಂದು ಕಂಡುಬಂದರೆ ಅವರ ಕೈಯೂ ಕಟ್ಟಿಹೋಗುತ್ತದೆ. ಒಂದು ಬಿಸ್ಕತ್ತನ್ನೂ ಕೊಡಿಸದವನು ಯಾವ ಬಾಯಲ್ಲಿ ಅಪ್ಪ ಅಂದಾನು ಎಂದುಕೊಂಡು ಗಂಡ ಹೆಂಡತಿ ಹಗುರಾಗಿ ಮನೆಗೆ ಬಂದರು.

ಮುಂದಿನ ಭಾನುವಾರವೇ ಶೆಡ್ಡಿನ ಮುಂದೆ ಧಣಿಯ ಕಾರು ನಿಂತಿತು. ಮಗಳನ್ನು ತಿರುಗಾಡಿಸಿಕೊಂಡು ಬರುತ್ತೇನೆ ಎಂದ. ಬೇಡವೆಂದರೆ ನೀವೇ ಅಡ್ಡ ಬಂದಿರಿ ಎಂದು ಕೋರ್ಟಿಗೆ ಹೇಳುತ್ತೇನೆ ಎಂದೂ ಸೇರಿಸಿದ. ಮಿರೂನಾ ವಾಪಸ್ಸು ಬಂದಾಗ ಕಾಲಲ್ಲಿ ಹೊಸ ಶೂ ಇತ್ತು. ತೋದೆರ್ ಅವನ್ನು ಬಿಚ್ಚಿಸಿ ಹೊರಗಿಟ್ಟ. ಹಾವು ಹೊಕ್ಕಿದೆಯೇನೋ ಎಂಬಂತೆ ಕೊಡವಿಯೂ ನೋಡಿದ. ಏನೇನಾಯಿತು ಎಂದು ಕೇಳಿದ್ದಕ್ಕೆ ಹುಡುಗಿ ನಗುತ್ತಲೇ ಹೇಳಿದಳು.

"ಸೀಟ್ ಮ್ಯಾಲೆ ಗೊಬ್ರದ್ ಚೀಲ ಹಾಸಿ ಕೂರಿಸ್ದ ಕಣಪ್ಪ, ಕೊಳೆ ಆಯ್ತದೆ ಅಂತ. ಪೋಟೋ ತೆಗ್ಯಾಗ ಚೀಲ ತೆಗ್ದ. ನನ್ ಹೆಸ್ರೂ ಬರಕ್ಕಿಲ್ಲ ಅವ್ನಿಗೆ, ಮಿರೆಲ್ಲಾ ಅಂತ ಕರೀತಾನೆ."

ಐಸ್‌ಕ್ರೀಂ ಕೊಡಿಸಿದ್ದಕ್ಕೊಂದು, ಚರ್ಚಿನ ಮೆಟ್ಟಿಲ ಮೇಲೆ ಕೈ ಹಿಡಿದಿದ್ದಕ್ಕೊಂದು, ಸ್ಕೂಲಿನ ಗೇಟಿನ ಮುಂದೊಂದು ಫೋಟೋ. ಪ್ರತಿ ಭಾನುವಾರವೂ ಇದೇ ಆಯಿತು.

ವಕೀಲೆ ಬಾಗಿಲು ಹಾಕಿಕೊಂಡು ಹೇಳಿದ ಮಾತು ಇವನ ಕಿವಿಗೆ ಹೇಗೆ ಬಿತ್ತು? ತೋದೆರನಿಗೆ ಊಟ ಸೇರದಾಯಿತು. ವಕೀಲೆಯ ಮೇಲೆ ಅನುಮಾನಪಟ್ಟ, ಆಚೆ ಶೆಡ್ಡಿನವರ ಮೇಲೆ ಅನುಮಾನಪಟ್ಟ. ಒಂದು ಸಂಜೆ ಸಾವೇತಾ ಟೊಮೆಟೊ ಪ್ಯಾಕ್ ಮಾಡುವ ಶೆಡ್ಡಿನಿಂದ ಒಬ್ಬಳೇ ಹೊರಬಂದದ್ದನ್ನು ಕಂಡ. ಅವಳ ಹಿಂದೆಯೇ ಒಳಗಿನ ದೀಪ ಆರಿತು. ಸ್ವಲ್ಪ ಹೊತ್ತಿಗೆ ಧಣಿಯ ಕಾರು ಹೊರಟ ಸದ್ದು ಕೇಳಿತು. ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ದಿನದಿಂದ ಅವಳು ಬಡಿಸಿದ ಗಂಜಿಯನ್ನು ಕೂಡ ಅವನು ಒಂದು ಗಳಿಗೆ ನೋಡಿ ಆಮೇಲೆ ಉಣ್ಣುತ್ತಿದ್ದ.

ಪಾದ್ರಿ ಕಾಲೋಜೆರೊ ಶೆಡ್ಡಿಗೆ ಬಂದದ್ದು ಆ ದಿನಗಳಲ್ಲೇ. ಮಿರೂನಾ ಹಾಕಿದ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತರು. ತಪ್ಪು ಮಾಡಿದವನು ತಿದ್ದಿಕೊಳ್ಳಲು ಬಂದಾಗ ಅಡ್ಡ ನಿಲ್ಲುವುದು ಪಾಪ ಎಂದರು. ದೊಡ್ಡ ಮನೆತನದ ಹೆಸರು ಅಳಿಸಿ ನಿನ್ನ ಹೆಸರು ಬರೆಸಿದರೆ ಮಗುವಿಗೆ ಸಿಗುವುದೇನು, ಈ ತಗಡೇ ಎಂದು ಸುತ್ತ ಕಣ್ಣಾಡಿಸಿದರು. ಎದ್ದು ಹೊರಡುವಾಗ ಮೆತ್ತಗೆ ಬುದ್ಧಿ ಹೇಳಿದರು.

"ಆ ವಕೀಲೆಯ ಮಾತು ಕಟ್ಟಿಕೊಂಡು ಕುಣಿಯಬೇಡಪ್ಪ. ಅವನೇನು ಹೆಸರಿಗೆ ಮಾತ್ರ ಅಪ್ಪ ಅಲ್ಲ."

ಪಾದ್ರಿಯ ಬೆನ್ನನ್ನೇ ನೋಡುತ್ತ ತೋದೆರ್ ಬಾಗಿಲಲ್ಲಿ ನಿಂತ. ಅದು ಲಿದಿಯಾ ಆಡಿದ್ದ ಮಾತು, ಅಕ್ಷರ ಬಿಡದೆ. ಅವಳು ಕೂರುತ್ತಿದ್ದ ಚರ್ಚಿನ ಕೋಣೆಯ ಗೋಡೆಗೆ ಅಂಟಿಕೊಂಡೇ ಪಾದ್ರಿಯ ಕೋಣೆಯಿತ್ತು.

ಒಂದು ಅನುಮಾನ ಇಳಿಯಿತು. ಇನ್ನೊಂದು ಇಳಿಯಲಿಲ್ಲ. ಅಂದು ಬಟ್ಟೆ ಒಗೆಯುವಾಗ ಸಾವೇತಾಳೇ ಬಾಯಿಬಿಟ್ಟಳು.

"ನೀ ನನ್ನ ಎಂಗ್ ನೋಡ್ತಿದ್ದೀಯ ಅಂತ ಗೊತ್ತು. ಅವತ್ತು ಪ್ಯಾಕಿಂಗ್ ಶೆಡ್ಗೆ ಓಗಿದ್ದೆ. ಸಹಿ ಹಾಕು ದಣಿ ಅಂತ ಕಾಲಿಗ್ ಬಿದ್ದೆ. ಮದ್ಲಿನಂಗೆ ಶನ್ವಾರ ಶನ್ವಾರ ಬಂದೋಗು, ಹಾಕ್ತೀನಿ ಅಂದ."

"ನೀ ಏನಂದೆ?"

"ಉಗ್ದು ಬಂದೆ."

ಅವಳು ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಳು.

"ನಂಬಿದ್ರೆ ನಂಬು, ಬುಟ್ರೆ ಬುಡು. ಆ ಕಾಲ್ದಾಗೆ ಅವ್ನ್ ಮುಂದೆ ಬಟ್ಟೆ ಬಿಚ್ದೆ, ಈಗ ನಿನ್ ಮುಂದೆ ಸಾಕ್ಷಿ ಬಿಚ್ಕೊಂಡು ಕೂರಕ್ಕೆ ನಂಗಾಗಕ್ಕಿಲ್ಲ."

ನಂಬಬೇಕೆಂದು ಅವನಿಗೆ ತುಂಬ ಆಸೆಯಿತ್ತು. ಆದರೆ ಆರಿದ ಆ ದೀಪ ಕಣ್ಣಿಂದ ಹೋಗಲಿಲ್ಲ.

ಕೋರ್ಟಿನಲ್ಲಿ ದೋನ್ ಸಾರೋ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋನಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ತೋರಿಸಿದ. ಭಾನುವಾರ ತಪ್ಪಿದರೂ ಈತನ ಪ್ರೀತಿ ತಪ್ಪಿಲ್ಲ ಎಂದು ಪಾದ್ರಿ ಸಾಕ್ಷಿ ಹೇಳಿದರು. ನ್ಯಾಯಾಧೀಶೆ ಕೆಟ್ಟವರಾಗಿರಲಿಲ್ಲ. ಮಿರೂನಾಳನ್ನು ಹತ್ತಿರ ಕರೆದು ನಿನಗೆ ಯಾರು ಬೇಕು ಎಂದು ಕೇಳಿದರು. ಜ್ವರ ಬಂದಾಗ ತೋದೆರಪ್ಪ ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ, ಅವನೇ ನನ್ನಪ್ಪ ಎಂದಳು ಹುಡುಗಿ. ಅದನ್ನೂ ಅವರು ಬರೆದುಕೊಂಡರು. ಕೊನೆಗೆ ದೋನ್ ಸಾರೋ ಎದ್ದು ಎದೆ ಮುಟ್ಟಿಕೊಂಡ.

"ನನ್ನ ಮನೆ ಬಾಗಿಲು, ನನ್ನ ಊಟದ ಮೇಜು ಯಾವತ್ತೂ ನನ್ನ ಮಗಳಿಗೆ ತೆರೆದೇ ಇದೆ, ಅಮ್ಮಾ."

ಸಾವೇತಾ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು.

ತಂದೆ ಹೊಣೆ ಹೊತ್ತಿರುವಾಗ ಅವರ ಒಪ್ಪಿಗೆಯಿಲ್ಲದೆ ದತ್ತು ಕೊಡಲು ಕಾನೂನು ಬಿಡುವುದಿಲ್ಲ ಎಂದು ತೀರ್ಪಾಯಿತು. ಮೇಲಿನ ಕೋರ್ಟಿಗೆ ಹೋಗೋಣ, ಆದರೆ ಹೊಸ ಸಾಕ್ಷಿ ಬೇಕು ಎಂದಳು ಲಿದಿಯಾ. ಹೊರಗೆ ಮೆಟ್ಟಿಲ ಬಳಿ ದೋನ್ ಸಾರೋ ತೋದೆರನ ಭುಜ ತಟ್ಟಿ, ಸೋಮವಾರ ಹೊಸ ಸಸಿ ಬರುತ್ತವೆ, ಬೇಗ ಬಾ ಎಂದು ಕಾರು ಹತ್ತಿದ.

ಭಾನುವಾರ ಬೆಳಿಗ್ಗೆ ಸಾವೇತಾ ಮಗಳ ತಲೆ ಬಾಚಿ, ಇದ್ದುದರಲ್ಲೇ ಒಳ್ಳೆಯ ಲಂಗ ಹಾಕಿ, ಊಟಕ್ಕೆ ಹೋಗೋಣ ನಡಿ ಎಂದಳು. ಎಲ್ಲಿಗೆ ಎಂದು ತಿಳಿದಾಗ ತೋದೆರ್ ಎದ್ದು ನಿಂತ. ಇವಳು ಮಗುವನ್ನು ಅವನಿಗೇ ಒಪ್ಪಿಸಿಬಿಡುತ್ತಾಳೋ? ಇವರಿಬ್ಬರ ನಡುವೆ ಮೊದಲೇ ಮಾತಾಗಿದೆಯೋ? ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೋದ. ಪಾಲಿಹೌಸುಗಳ ನಡುವಿನ ದಾರಿಯಲ್ಲಿ ಅವರನ್ನು ಕಂಡ ಕೂಲಿಯವರು ಎಲ್ಲಿಗೆ ಎಂದು ಕೇಳಿದರು. ಧಣಿಯ ಮನೆಗೆ, ಊಟಕ್ಕೆ ಎಂದಳು ಸಾವೇತಾ. ಕೇಳಿದವರು ನಗಲಿಲ್ಲ. ರೊಮೇನಿಯಾದವರು, ಟುನೀಷಿಯಾದವರು, ಒಬ್ಬೊಬ್ಬರಾಗಿ ಹಿಂದೆ ಬಂದರು.

ಊರ ನಡುವಿನ ದೊಡ್ಡ ಮನೆಯ ಬಾಗಿಲು ತೆರೆದ ಕೆಲಸದವಳಿಗೆ ಸಾವೇತಾ, ದಣಿ ಮಗಳು ಊಟಕ್ಕೆ ಬಂದವ್ಳೆ ಎಂದು ಹೇಳಿ ಒಳಗೆ ನಡೆದೇಬಿಟ್ಟಳು. ಮೇಜಿನ ಮೇಲೆ ಹಂದಿಮಾಂಸದ ಸಾರು ಹೊಗೆಯಾಡುತ್ತಿತ್ತು. ದೋನ್ ಸಾರೋ, ಅವನ ಹೆಂಡತಿ, ಆಕೆಯ ಅಣ್ಣಂದಿರು ಕುಳಿತಿದ್ದರು. ಬಲಗಡೆಯ ಕುರ್ಚಿಯಲ್ಲಿ ಪಾದ್ರಿ ಕಾಲೋಜೆರೊ. ಸೆಕೆಗೆ ಬೀದಿಯ ಕಡೆಯ ಕಿಟಕಿಗಳೆಲ್ಲ ತೆರೆದಿದ್ದವು.

ಯಾರ ಮಗು ಇದು ಎಂದು ಹೆಂಡತಿ ಗಂಡನನ್ನೇ ನೋಡುತ್ತ ಕೇಳಿದಳು. ಊರಿಗೆಲ್ಲ ಗೊತ್ತಿದ್ದದ್ದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ, ಅಷ್ಟೆ.

ದೋನ್ ಸಾರೋ ತುಟಿ ಒರೆಸಿಕೊಂಡ.

"ಕೆಲಸದವ್ರ ಮಗು ಕಣೆ. ಏನೋ ಕೇಳಕ್ಕೆ ಬಂದದೆ. ಅಡುಗೆಮನೇಲಿ ಏನಾರ ಕೊಟ್ಟು ಕಳ್ಸು."

"ಇನ್ನೊಂದ್ಸಲ ಯೋಳಿ ದಣಿ," ಎಂದಳು ಸಾವೇತಾ, ದನಿ ಏರಿಸದೆ. "ಸಾಮಿಗೋಳ್ಗೆ ಸರ್ಯಾಗಿ ಕೇಳಿಸ್ನಿಲ್ಲ."

ಪಾದ್ರಿ ಫೋರ್ಕು ಹಿಡಿದು ತಟ್ಟೆಯನ್ನೇ ನೋಡುತ್ತಿದ್ದರು. ತೋದೆರ್ ಅವರ ಕುರ್ಚಿಯ ಹಿಂದೆ ಹೋಗಿ ನಿಂತ.

"ಕೋರ್ಟ್ನಾಗೆ ಇವ್ನ್ ಪ್ರೀತಿ ತಪ್ಪಿಲ್ಲ ಅಂದ್ರಿ ಸಾಮಿ. ಇದ್ನೂ ಓಗಿ ಯೋಳ್ತೀರಾ?"

ಅಷ್ಟರಲ್ಲಿ ಮಿರೂನಾ, ಯಾರೂ ಹೇಳದೆಯೇ, ಖಾಲಿಯಿದ್ದ ಕುರ್ಚಿಯೊಂದನ್ನು ಎಳೆದುಕೊಂಡು ಕುಳಿತಳು. ದೊಡ್ಡ ಬಟ್ಟಲನ್ನು ಹತ್ತಿರಕ್ಕೆ ಸರಿಸಿ ತಾನೇ ಬಡಿಸಿಕೊಂಡಳು. ದೋನ್ ಸಾರೋ ಅವಳ ತೋಳು ಹಿಡಿಯಲು ಕೈ ಚಾಚಿದವನು ಕಿಟಕಿಯ ಕಡೆ ನೋಡಿ ಹಾಗೇ ನಿಂತ. ಬೀದಿಯಲ್ಲಿ ಅವನ ಆಳುಗಳೆಲ್ಲ ನಿಂತಿದ್ದರು. ಕೆಲವರು ಫೋನು ಎತ್ತಿ ಹಿಡಿದು ಒಳಗಿನದನ್ನೆಲ್ಲ ಚಿತ್ರ ತೆಗೆಯುತ್ತಿದ್ದರು.

ತೋದೆರ್ ಸಾವೇತಾಳ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತು ಮಗಳನ್ನೇ ನೋಡುತ್ತಿದ್ದಳು. ಅವನು ಹೋಗಿ ಪಕ್ಕದಲ್ಲಿ ನಿಂತ. ಅವಳು ಸರಿದು ಜಾಗ ಬಿಡಲೂ ಇಲ್ಲ, ದೂರ ಹೋಗಲೂ ಇಲ್ಲ.

ಹೆಂಡತಿಯ ದೊಡ್ಡಣ್ಣ ಪೊಲೀಸರಿಗೆ ಫೋನು ಮಾಡಲು ಎದ್ದ. ಏನೆಂದು ಹೇಳುತ್ತೀಯ, ನಮ್ಮ ಭಾವನ ಮಗಳು ಊಟ ಮಾಡುತ್ತಿದ್ದಾಳೆ ಅಂತಲೋ ಎಂದು ತಂಗಿ ಕೇಳಿದಳು. ಅವನು ಮತ್ತೆ ಕುರ್ಚಿಯಲ್ಲಿ ಕುಳಿತ.

ಮಿರೂನಾ ರೊಟ್ಟಿ ಮುರಿದು ಸಾರಿಗೆ ಅದ್ದಿ ತಿನ್ನುತ್ತಿದ್ದಳು. ಇನ್ನೂ ಹಸಿವಿತ್ತು. ಬಟ್ಟಲನ್ನು ಮತ್ತೆ ಎಳೆದುಕೊಂಡಳು.