ಬಲಗಡೆಯ ದೀಪ

ಮೂರನೆಯ ದಿನವೂ ಸಿದ್ದಲಿಂಗಮ್ಮನ ಟ್ರೇ ವಾಪಸ್ಸು ಬಂತು. ಇಪ್ಪತ್ತನಾಲ್ಕು ಕನೆಕ್ಟರುಗಳಲ್ಲಿ ಹದಿನೇಳು ಫೇಲ್.

ವಿದ್ಯಾರಣ್ಯಪುರಂ ಆಚೆಯ ಆ ಪುಟ್ಟ ಕಾರ್ಖಾನೆಯಲ್ಲಿ ಅವಳು ಎಂಟು ವರ್ಷದಿಂದ ಇದೊಂದೇ ಕೆಲಸ ಮಾಡಿಕೊಂಡು ಬಂದಿದ್ದಳು. ಕೂದಲೆಳೆಯಂಥ ಗಾಜಿನ ತಂತಿಯೊಳಗೆ ಬೆಳಕು ಹರಿಯುತ್ತದೆ. ಎರಡು ಕೇಬಲ್ ಕೂಡುವ ಕಡೆ, ಕನೆಕ್ಟರಿನೊಳಗೆ, ಆ ತಂತಿಯ ತುದಿಗೆ ಸರಿಯಾಗಿ ಸಾಸಿವೆ ಕಾಳಿನಷ್ಟು ಲೆನ್ಸ್ ಕೂರಿಸಬೇಕು. ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಅದನ್ನು ನಡುಮಧ್ಯಕ್ಕೆ ತಂದು, ಸುತ್ತ ಅಂಟು ಬಿಟ್ಟು, ನೇರಳೆ ದೀಪದ ಬೆಳಕಿನಲ್ಲಿ ಗಟ್ಟಿಮಾಡಬೇಕು. ಕೂದಲಿನ ಹತ್ತನೇ ಒಂದು ಪಾಲು ಸರಿದರೂ ಬೆಳಕು ಆಚೆ ದಾಟದು. ಈ ಮೂರು ದಿನವೂ ಸಂಜೆ ಅಳೆದಾಗ ಅವಳ ಲೆನ್ಸುಗಳೆಲ್ಲ ಸರಿಯಾಗಿಯೇ ಇರುತ್ತಿದ್ದವು. ಶಾಖ ತಡೆಯುತ್ತವೆಯೇ ಎಂದು ನೋಡುವ ಬಿಸಿ ಪೆಟ್ಟಿಗೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಹೊರಬಂದಾಗ ಕೆಟ್ಟಿರುತ್ತಿದ್ದವು.

“ಸಿದ್ದಲಿಂಗಮ್ಮೋರೆ, ಒಂದ್ಸಲ ಕಣ್ಣು ತೋರಿಸ್ಕೊಳ್ಳಿ,” ಎಂದರು ತಪಾಸಣೆ ನೋಡಿಕೊಳ್ಳುತ್ತಿದ್ದ ಮಹದೇವಪ್ರಸಾದ್. “ಪಕ್ಕದ ಬೆಂಚಿಂದು ಒಂದೂ ಹೋಗಿಲ್ಲ ನೋಡಿ.”

ಪಕ್ಕದ ಬೆಂಚು ಧರಣಿಯದು. ಎರಡು ವರ್ಷದ ಹಿಂದೆ, 2001ರಲ್ಲಿ, ಅವಳಿಗೆ ಕೈಹಿಡಿದು ಕೆಲಸ ಕಲಿಸಿದವಳು ಸಿದ್ದಲಿಂಗಮ್ಮನೇ. ಅಂದಿನಿಂದ ಇಬ್ಬರೂ ಒಂದೇ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದರು. ಧರಣಿ ತರುತ್ತಿದ್ದ ಉಪ್ಸಾರಿನ ಖಾರಕ್ಕೆ ಸಿದ್ದಲಿಂಗಮ್ಮ ಸೋತುಹೋಗಿದ್ದಳು.

ಆದರೆ ಈ ತಿಂಗಳು ಲೈನಿಗೊಬ್ಬ ಮೇಲ್ವಿಚಾರಕಿಯನ್ನು ಆರಿಸುವವರಿದ್ದರು. ಇಬ್ಬರ ಹೆಸರೂ ಇತ್ತು. ಸಂಜೆ ಎರಡೂ ಟ್ರೇಗಳನ್ನು ಬಿಸಿ ಪೆಟ್ಟಿಗೆಗೆ ಒಯ್ದಿಡುತ್ತಿದ್ದವಳು ಧರಣಿ. ಬೆಳಿಗ್ಗೆ ತೆಗೆಯುತ್ತಿದ್ದವಳೂ ಅವಳೇ. ಈ ಮಾತು ಒಮ್ಮೆ ತಲೆಗೆ ಹೊಕ್ಕಿದ್ದೇ ತಡ, ಸಿದ್ದಲಿಂಗಮ್ಮನಿಗೆ ಎಲ್ಲದರಲ್ಲೂ ಅದೇ ಕಾಣತೊಡಗಿತು. ಧರಣಿ ನಕ್ಕರೆ ಯಾಕೆ ನಕ್ಕಳು? ಟ್ರೇ ಎತ್ತುವಾಗ ಬೆನ್ನು ತಿರುಗಿಸಿದ್ದೇಕೆ? “ಅಕ್ಕ, ಇವತ್ತಾದ್ರೂ ಪಾಸಾಯ್ತಾ?” ಎಂದು ಕೇಳಿದರೆ, ಅದು ಕನಿಕರವೋ ಚುಚ್ಚುಮಾತೋ?

ಅವಳು ಡಬ್ಬಿ ಹಿಡಿದು ಹಿತ್ತಲಿನ ಬೇವಿನ ಮರದಡಿಗೆ ಹೋಗಿ ಒಬ್ಬಳೇ ಉಣ್ಣತೊಡಗಿದಳು. ಮೊದಲ ದಿನ ಧರಣಿ ಹುಡುಕಿಕೊಂಡು ಬಂದಳು. “ತಲೆನೋವು ಕಣಮ್ಮ, ನೀ ಹೋಗು,” ಎಂದಳು ಸಿದ್ದಲಿಂಗಮ್ಮ. ಎರಡನೆಯ ದಿನ ಧರಣಿ ಬಾಗಿಲಲ್ಲೇ ನಿಂತು ನೋಡಿ ಒಳಗೆ ಹೋದಳು. ಆಮೇಲೆ ಬರಲಿಲ್ಲ.

ಗುರುವಾರ ಸಿದ್ದಲಿಂಗಮ್ಮ ಒಂದು ಉಪಾಯ ಹೂಡಿದಳು. ಬೆಂಚಿನ ಮೇಲಿರುವಾಗಲೇ ದುಂಡನೆಯ ಪ್ರತಿ ಕನೆಕ್ಟರಿನ ಎಡಮಗ್ಗುಲಿಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿ ಇಟ್ಟಳು. ಯಾರಾದರೂ ಎತ್ತಿ ಲೆನ್ಸ್ ಮುಟ್ಟಿ ಮತ್ತೆ ಇಟ್ಟರೆ ಚುಕ್ಕಿ ಎಡಕ್ಕೇ ಉಳಿಯುವುದಿಲ್ಲ.

ಶುಕ್ರವಾರ ಎಲ್ಲರಿಗಿಂತ ಮುಂಚೆ ಬಂದು, ಧರಣಿ ಬರುವ ಮೊದಲೇ ಟ್ರೇ ತೆಗೆದಳು. ಇಪ್ಪತ್ತನಾಲ್ಕು ಚುಕ್ಕಿಗಳೂ ಎಡಕ್ಕೇ ಇದ್ದವು. ಒಂದೂ ಅಲುಗಿರಲಿಲ್ಲ. ಧರಣಿ ಮುಟ್ಟಿಲ್ಲ. ಹಾಗಾದರೆ ತಪ್ಪು ತನ್ನ ಕಣ್ಣಿನದೇ?

ಮೈಕ್ರೋಸ್ಕೋಪಿಗೆ ಒಂದನ್ನು ಹಾಕಿದಳು. ಲೆನ್ಸ್ ಸರಿದಿತ್ತು, ಚುಕ್ಕಿಯ ಕಡೆಗೆ. ಇನ್ನೊಂದು ಹಾಕಿದಳು. ಅದೂ ಚುಕ್ಕಿಯ ಕಡೆಗೆ. ಹತ್ತು, ಹನ್ನೊಂದು. ಕೈ ನಡುಗಿ ತಪ್ಪಿದ್ದರೆ ಒಂದೊಂದು ಒಂದೊಂದು ಕಡೆ ಹೋಗಬೇಕಿತ್ತು. ಇವೆಲ್ಲ ಒಂದೇ ಕಡೆ ಹೋಗಿದ್ದವು.

ಅವಳು ತಲೆಯೆತ್ತಿ ತನ್ನ ಬೆಂಚನ್ನೇ ಹೊಸದಾಗಿ ನೋಡಿದಳು. ಎಡಗಡೆ ನೇರಳೆ ದೀಪವಿತ್ತು. ಬಲಗಡೆ ಬರೀ ಸ್ಟ್ಯಾಂಡು. ಧರಣಿಯ ಬೆಂಚಿನ ಒಂದು ದೀಪ ಸುಟ್ಟುಹೋದಾಗ ಮಹದೇವಪ್ರಸಾದರೇ ಇವಳ ಬಲಗಡೆಯದನ್ನು ಬಿಚ್ಚಿಸಿ ಅಲ್ಲಿಗೆ ಹಾಕಿಸಿದ್ದರು. “ಒಂದ್ರಲ್ಲೇ ಎರಡು ಪಟ್ಟು ಹೊತ್ತು ಇಡಿ, ಸಾಕು” ಎಂದಿದ್ದರು. ಆವತ್ತಿನಿಂದಲೇ ಇದು ಶುರುವಾಗಿದ್ದು.

ಮಹದೇವಪ್ರಸಾದ್ ಬಂದ ಮೇಲೆ ತೋರಿಸಿದಳು. “ಬೆಳಕು ಬಿದ್ದ ಕಡೆ ಅಂಟು ಕಲ್ಲಾಗುತ್ತೆ ಸಾರ್. ಈ ಕಡೆ ಒಳಗೆ ಹಸಿ. ಬಿಸಿ ಪೆಟ್ಟಿಗೆಗೆ ಹೋದ್ರೆ ಹಸಿ ಕಡೆ ಮೆತ್ತಗಾಗಿ, ಗಟ್ಟಿ ಕಡೆ ಲೆನ್ಸ್ ಎಳ್ಕೊಳ್ಳುತ್ತೆ.”

ಅವರು ತಾವೇ ಐದಾರು ನೋಡಿದರು. ಬಲಗಡೆ ಇನ್ನೊಂದು ದೀಪ ತರಿಸಿ ಹಾಕಿಸಿದರು. ಮರುದಿನ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಪಾಸಾದವು. ಕಣ್ಣಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ.

ಆ ಮಧ್ಯಾಹ್ನ ಸಿದ್ದಲಿಂಗಮ್ಮ ಡಬ್ಬಿ ತಂದು ಧರಣಿಯ ಎದುರು ಕೂತಳು. ಧರಣಿ ತನ್ನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

“ಹೋದ ವಾರ ನಮ್ಮವ್ವ ಗೇಟತ್ರ ಬಂದಿದ್ಲಲ್ಲ,” ಎಂದಳು. “ಅವಳನ್ನ ನೋಡಿ ನಮ್ ಜಾತಿ ಗೊತ್ತಾಯ್ತು, ಅದ್ಕೇ ಜೊತೆ ಊಟ ಬುಟ್ರಿ ಅಂತ ಗ್ಯಾನ ಮಾಡ್ಕೊಂಡು ವಾರದಿಂದ ಸರಿಯಾಗಿ ಉಂಡಿಲ್ಲ ಅಕ್ಕ.”

ಸಿದ್ದಲಿಂಗಮ್ಮನಿಗೆ ಇದು ಕನಸಿನಲ್ಲೂ ಹೊಳೆದಿರಲಿಲ್ಲ. ಕೊರಳಲ್ಲಿದ್ದ ಲಿಂಗದ ದಾರಕ್ಕೆ ತಾನಾಗಿಯೇ ಕೈ ಹೋಯಿತು. “ಅಯ್ಯೋ, ಅದಲ್ಲ ಕಣೆ! ನೀನು ನನ್ ಲೆನ್ಸ್ ಅಲ್ಲಾಡಿಸ್ತಿದ್ದೀಯ ಅಂದ್ಕೊಂಡ್ಬುಟ್ಟೆ.”

ಹೇಳಿದ ಮೇಲೆ ಅದರ ತೂಕ ತಿಳಿಯಿತು.

“ಅಂದ್ರೆ ಜಾತಿಗಲ್ಲ, ದ್ರೋಹಿ ಅಂತ ಬುಟ್ರಿ,” ಎಂದಳು ಧರಣಿ. “ಕೆಲಸ ಕಲ್ಸಿದೋರ ಕೆಲಸ ಕೆಡಿಸೋಳು ಅಂತ. ಇದ್ರಲ್ಲಿ ಯಾವ್ದಕ್ಕಕ್ಕ ನಾನು ಸಮಾಧಾನ ಮಾಡ್ಕೊಳ್ಳಲಿ?” ಡಬ್ಬಿ ಎತ್ತಿಕೊಂಡು ಎದ್ದು ಹೋದಳು.

ಸೋಮವಾರ ಮೇಲ್ವಿಚಾರಕಿ ಕೆಲಸ ಸಿದ್ದಲಿಂಗಮ್ಮನಿಗೆ ಬಂತು. ಧರಣಿ ವರ್ಗ ಬೇಕೆಂದು ಬರೆದುಕೊಟ್ಟು ತಪಾಸಣೆ ವಿಭಾಗಕ್ಕೆ ಹೋದಳು. ಎದುರಾದರೆ “ಮೇಡಂ” ಎನ್ನುತ್ತಿದ್ದಳು.

ಎರಡು ವಾರ ತಡೆದು, ಒಂದು ಭಾನುವಾರ ಸಿದ್ದಲಿಂಗಮ್ಮ ಬೆಟ್ಟದ ತಪ್ಪಲಿನ ಬಡಾವಣೆಯಲ್ಲಿ ಮನೆ ವಿಚಾರಿಸಿಕೊಂಡು ಹೋದಳು. ಬಾಗಿಲು ತೆಗೆದ ಧರಣಿ ಒಳಗೆ ಕರೆಯಲು ತಡಮಾಡಿದಳು. ತಾಯಿ ಚಿಕ್ಕಮಾದಮ್ಮನೇ ಒಳಗಿನಿಂದ, “ಯಾರವ್ವ? ಬಾಗ್ಲಲ್ಲಿ ನಿಲ್ಸಿದ್ದೀಯಲ್ಲ,” ಎಂದಳು.

“ನಾನು ತಪ್ಪು ಮಾಡ್ದೆ, ಹೇಳೋಣ ಅಂತ ಬಂದೆ,” ಎಂದಳು ಸಿದ್ದಲಿಂಗಮ್ಮ, ಚಾಪೆಯ ಮೇಲೆ ಕೂರುತ್ತ.

ಚಿಕ್ಕಮಾದಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ತಂದುಕೊಟ್ಟಳು. ಧರಣಿ ಗೋಡೆಗೊರಗಿ ನಿಂತೇ ಇದ್ದಳು. ಸಿದ್ದಲಿಂಗಮ್ಮ ಲೋಟವನ್ನು ತುಟಿಗೆ ಇಡುವುದನ್ನೂ, ಪ್ರತಿ ಗುಟುಕನ್ನೂ, ಕೊನೆಗೆ ತಳ ಕಾಣುವುದನ್ನೂ ಧರಣಿ ಕಣ್ಣು ಮಿಟುಕಿಸದೆ ನೋಡಿದಳು.