ಜೇಡಿಕೊಪ್ಪದ ಸೋಮವಾರ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ, ಕೆರೆಯ ಹಿಂಬದಿಗೆ, ಇಪ್ಪತ್ತೆರಡು ಮನೆಗಳ ಜೇಡಿಕೊಪ್ಪವೆಂಬ ಹಳ್ಳಿಯಿತ್ತು. ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆಯಲ್ಲಿ ಅಲ್ಲಿ ಹಂಚಿನ ಕಾರ್ಖಾನೆಯ ಚಿಮಣಿ ಎದ್ದು ನಿಂತಿತು. ಜಾಗ ದುರ್ಗಮ್ಮನದು. ಊರಿನ ಪ್ರತಿ ಮನೆಗೂ ಒಂದು ಕೆಲಸ ಕೊಡಬೇಕೆಂಬ ಮಾತಿನ ಮೇಲೆ ಆಕೆ ತನ್ನ ಎರಡು ಎಕರೆ ಹೊಲವನ್ನು ಪೇಟೆಯ ಬಟ್ಟೆ ವ್ಯಾಪಾರಿ ಗುರುಮಲ್ಲಪ್ಪನವರಿಗೆ ಬಿಟ್ಟುಕೊಟ್ಟಿದ್ದಳು. ಅವರೂ ಖಂಡಿತವಾಗಿ ಒಂದು ಮಾತು ಹೇಳಿದ್ದರು: ಮೊದಲ ಭಟ್ಟಿಯ ಹಂಚು ಕೆಟ್ಟರೆ ಕಾರ್ಖಾನೆಯನ್ನು ಶಿರಾಳಕೊಪ್ಪಕ್ಕೆ ಒಯ್ಯುತ್ತೇನೆ.

ಶನಿವಾರ ಭಟ್ಟಿಗೆ ಬೆಂಕಿ ಹಾಕಿದರು. ಮೂರು ದಿನ ಉರಿ ಇಳಿಯಕೂಡದೆಂದು ಮಂಗಳೂರಿನಿಂದ ಬಂದ ಮೇಸ್ತ್ರಿ ಎಚ್ಚರಿಸಿದ್ದ. ಆದರೆ ಸೌದೆ ಹಸಿಯಾಗಿತ್ತು. ಮೂರು ದಿನಕ್ಕೆಂದು ಒಟ್ಟಿದ್ದ ರಾಶಿ ಸೋಮವಾರ ಬೆಳಗ್ಗೆಯೇ ಮುಗಿಯುತ್ತ ಬಂತು. ಎರಡು ಮೈಲಿ ಆಚೆ, ಈಸೂರಿನ ದಾರಿಯಲ್ಲಿ, ಗುರುಮಲ್ಲಪ್ಪನವರದೇ ಒಣ ಸೌದೆ ಬಿದ್ದಿತ್ತು. ಊರಿನಲ್ಲಿ ಗಾಡಿಗಳಿಗೂ ಕೊರತೆಯಿರಲಿಲ್ಲ. ಆದರೆ ಸೋಮವಾರ ಬಸವಣ್ಣನ ದಿನ. ಆ ದಿನ ಜೇಡಿಕೊಪ್ಪದಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ.

"ಚೌಡಪ್ಪ, ಇದೊಂದ್ ಸಲ ಗಾಡಿ ಹೂಡೋ ಮಾರಾಯ," ಎಂದರು ಗುರುಮಲ್ಲಪ್ಪ.

ಗಾಡಿಯವರ ಪೈಕಿ ಹಿರಿಯನಾದ ಚೌಡಪ್ಪ ಎತ್ತಿನ ಮೈ ತಿಕ್ಕುತ್ತಲೇ ಉತ್ತರಿಸಿದ: "ಹಣೆ ತುಂಬ ವಿಭೂತಿ ಹಚ್ಕಂಡು ನೀವೇ ಹಿಂಗಂದ್ರೆ ಹೆಂಗ್ರೀ ಸಾವ್ಕಾರ್ರೆ? ಬೇಕಾದ್ರೆ ನಿಮ್ ಕೈಯಾರೆ ನೊಗ ಇಡ್ರಿ. ನಾ ಕಣ್ ಮುಚ್ಕಂತೀನಿ."

ಗುರುಮಲ್ಲಪ್ಪನವರ ಕೈ ನೊಗದತ್ತ ಏಳಲಿಲ್ಲ. "ಹಂಗಾರೆ ಶಿರಾಳಕೊಪ್ಪನೇ ಗತಿ," ಎಂದು ಕೊಡೆ ಎತ್ತಿಕೊಂಡರು.

ದುರ್ಗಮ್ಮ ಅವರ ದಾರಿಗೆ ಅಡ್ಡ ನಿಂತಳು. ಹೊಲ ಕೊಟ್ಟಾಗಿತ್ತು, ಕಾರ್ಖಾನೆಯೂ ಹೋದರೆ ಇಡೀ ಊರಿಗೆ ಆಕೆಯೇ ಉತ್ತರ ಹೇಳಬೇಕಿತ್ತು.

"ಮಧ್ಯಾಹ್ನದ ಮಟ ಕುಂತು ಹೋಗ್ರಿ ಸಾವ್ಕಾರ್ರೆ. ಸೋಮಾರ ನೊಗ ಇಡಬಾರ್ದು ಅಂದಿರೋದು ಎತ್ತಿಗೆ. ಮನುಷ್ಯಂಗೆ ಇಡಬ್ಯಾಡ ಅಂತ ಯಾರೂ ಹೇಳಿಲ್ಲ."

ಹೀಗೆಂದವಳೇ ಚೌಡಪ್ಪನ ಗಾಡಿಯ ನೊಗವನ್ನೆತ್ತಿ ಎಡ ಹೆಗಲಿಗಿಟ್ಟುಕೊಂಡಳು.

"ಒಂಟೆತ್ತಿನ ಗಾಡಿ ಎತ್ಲಾಗೆ ಹೊಂಟೈತೆ ದುರ್ಗಕ್ಕ?" ಎಂದು ಯಾರೋ ಕೂಗಿದರು.

"ಜೋಡಿ ಎತ್ತು ಮೈ ತೊಳ್ಕಂತ ನಿಂತೈತಲ್ಲ! ಬಾರೋ ಚೌಡ, ಹೆಂಡ್ತಿ ಮುಂದೆ ಹೋರಿ ಹಂಗೆ ಗುಟುರು ಹಾಕ್ತೀಯ. ಇವತ್ತು ಊರಿಗೆಲ್ಲ ತೋರ್ಸು."

ನಗೆಯ ನಡುವೆ ಚೌಡಪ್ಪ ಬಂದು ನೊಗಕ್ಕೆ ಹೆಗಲು ಕೊಟ್ಟ. ಅವನು ಬಂದ ಮೇಲೆ ಉಳಿದವರಿಗೆ ನಿಲ್ಲಲು ನೆಪವಿರಲಿಲ್ಲ. ಆರು ಗಾಡಿಗಳು ರಸ್ತೆಗಿಳಿದವು. ಪ್ರತಿಯೊಂದನ್ನೂ ಮುಂದಿನಿಂದ ನಾಲ್ವರು ಎಳೆದರು, ಹಿಂದಿನಿಂದ ನಾಲ್ವರು ನೂಕಿದರು. ಇತ್ತ ಮೇಸ್ತ್ರಿ ಉರಿಯನ್ನು ಕಾಯಲು ಹಳೆಯ ಬೇಲಿಯನ್ನು ಕಿತ್ತು ಹಾಕಿದ, ತೆಂಗಿನ ಗರಿ ಹಾಕಿದ, ಕಡೆಗೆ ಗುರುಮಲ್ಲಪ್ಪನವರನ್ನು ಏಳಿಸಿ ಅವರು ಕುಳಿತಿದ್ದ ಬೆಂಚನ್ನೂ ಒಡೆದು ಹಾಕಿದ. ಆ ಬೆಂಚು ಇನ್ನೂ ಉರಿಯುತ್ತಿರುವಾಗಲೇ ಮೊದಲ ಗಾಡಿ ಬಂದು ನಿಂತಿತು. ದುರ್ಗಮ್ಮನ ಹೆಗಲಿನ ಚರ್ಮ ಸುಲಿದಿತ್ತು. ಉರಿ ಮಾತ್ರ ಇಳಿದಿರಲಿಲ್ಲ.

ಭಟ್ಟಿ ಆರಿದ ಮೇಲೆ ಬಾಗಿಲು ಒಡೆದರು. ಮೇಸ್ತ್ರಿ ಒಂದು ಹಂಚನ್ನು ಬೆರಳಿನಿಂದ ಬಡಿದ. ಅದು ಕಂಚಿನಂತೆ ದನಿಗೊಟ್ಟಿತು.

"ಕಾರ್ಖಾನೆ ಇನ್ನೆಲ್ಲಿಗೂ ಹೋಗಲ್ಲಮ್ಮ," ಎಂದರು ಗುರುಮಲ್ಲಪ್ಪ. "ಏನ್ ಬೇಕು ಕೇಳು."

"ಮನೆಗೊಂದು ಕೆಲ್ಸ ಅಂದಿದ್ರಿ, ಅದು ಹೆಂಗೂ ಕೊಡ್ತೀರಿ. ಭಾನುವಾರ ರಜೆ ಅಂತ ಬೋರ್ಡ್ ಬರ್ಸೀರಲ್ಲ, ಅದನ್ನ ಅಳಸ್ರಿ, ಸೋಮಾರ ಮಾಡ್ರಿ. ಎತ್ತಿನ ಕೆಲ್ಸ ನಾವು ಮಾಡಿದ್ವಿ. ಎತ್ತಿಗಿರೋ ರಜೆ ನಮ್ಗೂ ಇರ್ಲಿ."

ಗುರುಮಲ್ಲಪ್ಪನವರು ನಕ್ಕು ಬಣ್ಣದ ಡಬ್ಬ ತರಿಸಿದರು.

ಎರಡೇ ವರ್ಷಗಳಲ್ಲಿ ಆ ಚಿಮಣಿಯ ಸುತ್ತ ಎರಡು ಅಕ್ಕಿ ಗಿರಣಿಗಳು, ಒಂದು ಮರ ಕೊಯ್ಯುವ ಮಿಲ್ಲು, ಮೂರು ಸಾಲು ಕೂಲಿಮನೆಗಳು ಎದ್ದವು. ಹೊಸದಾಗಿ ಯಂತ್ರ ಹೂಡಲು ಬಂದವರು ಯಾರೇ ಆಗಲಿ, ಊರಿನವರು ಅವರನ್ನು ಮೊದಲು ದುರ್ಗಮ್ಮನ ಜಗುಲಿಗೆ ಕರೆದೊಯ್ಯುತ್ತಿದ್ದರು. ಆಕೆ ಜಾಗದ ಮಾತೆತ್ತುವ ಮೊದಲೇ ಕೇಳುತ್ತಿದ್ದಳು:

"ಸೋಮಾರದ ರಜೆ ಒಪ್ಗಂತೀರೇನ್ರೀ? ಒಪ್ಗಂಡ್ರೆ ಚಪ್ಲಿ ಬಿಟ್ಟು ಮ್ಯಾಲೆ ಬರ್ರಿ."